ಹಳೇ ಪಿಕಪ್ಪಿನ ಹಿಂದಿನ ಆಕ್ಸಲ್ ರೇಷಿಯೋ ಎಷ್ಟು ಅಂತ ನೀವೇ ಎಣಿಸ್ಕೊಳ್ಳೋದು ಹೇಗೆ

ಹೋದ ವರ್ಷ ನಮ್ಮ ಹಳೇ ಪಿಕಪ್ ಹಿಂದ್ಗಡೆಯಿಂದ ಒಂದೇ ಸಮ ಊಳಿಡೋಕೆ ಶುರು ಮಾಡ್ತು, ಬಿಚ್ಚಿಸಿ ನೋಡಿದ್ರೆ ಪಿನಿಯನ್ (ಆಕ್ಸಲ್ ಒಳಗೆ ಕ್ರೌನ್ ಅನ್ನೋ ದೊಡ್ಡ ಗೇರನ್ನ ತಿರುಗಿಸೋ ಸಣ್ಣ ಗೇರ್) ಹಲ್ಲು ಕಿತ್ತೋಗಿತ್ತು. ಹೊಸ ಕ್ರೌನ್-ಪಿನಿಯನ್ ಸೆಟ್ಟಿಗೆ ದುಡ್ಡು ಜಾಸ್ತಿ ಆಗುತ್ತೆ ಅಂತ ಗುಜರಿ ಅಂಗಡಿಗೆ ಹೋದೆ. ಅಲ್ಲಿಯವ್ರು ನನ್ನ ಕಣ್ಮುಂದೇನೇ ಕ್ರೌನ್ ಹಲ್ಲು ಎಣಿಸಿ "41 ಐತೆ, ನಿಮ್ದೂ 41, ಧೈರ್ಯವಾಗಿ ಹಾಕ್ಸಿ ಅಣ್ಣ" ಅಂದ್ರು, ನಾನೂ ನಂಬ್ಕೊಂಡು ಹಾಕ್ಸಿದೆ. ಸಿಮೆಂಟ್ ಮೂಟೆ ತುಂಬ್ಕೊಂಡು ಜಕ್ಕನಹಳ್ಳಿ ದಾಟಿ ಮೇಲುಕೋಟೆ ಏರು ಹತ್ತೋವಾಗ ಗೊತ್ತಾಯ್ತು, ಯಾವಾಗ್ಲೂ ಥರ್ಡ್ ಗೇರಲ್ಲಿ ಹತ್ತೋ ಗಾಡಿ ಉಸಿರು ಕಟ್ಟಿದಂಗೆ ಆಗಿ ಸೆಕೆಂಡಿಗೆ ಬಿತ್ತು, ಅದ್ರಲ್ಲೂ ಒದ್ದಾಡ್ತು. ಮತ್ತೆ ಬಿಚ್ಚಿಸಿದ್ವಿ. ಕ್ರೌನ್ ಎರಡರಲ್ಲೂ 41 ಹಲ್ಲೇ, ಆದ್ರೆ ನಮ್ಮ ಹಳೇ ಪಿನಿಯನ್ನಲ್ಲಿ 10 ಹಲ್ಲು, ಗುಜರೀಲಿ ತಂದಿದ್ರಲ್ಲಿ 11. ಆ ಒಂದು ಹಲ್ಲಿಗೆ ಎರಡು ಸಲ ಲೇಬರ್ ಚಾರ್ಜು, ಎರಡು ಸಲ ಗೇರ್ ಆಯಿಲ್ಲು, ನಾಲ್ಕು ದಿನ ಬಾಡಿಗೆ ಹೋಯ್ತು. ನಿಮಗೆ ಹಂಗಾಗೋದು ಬೇಡ ಅಂತ ಇದನ್ನ ಬರೀತಿದೀನಿ.

ರೇಷಿಯೋ ಅಂದ್ರೆ ಇಷ್ಟೇ, ಕ್ರೌನ್ ಹಲ್ಲನ್ನ ಪಿನಿಯನ್ ಹಲ್ಲಿಂದ ಭಾಗಿಸೋದು. 41ನ್ನ 10ರಿಂದ ಭಾಗಿಸಿದ್ರೆ 4.10, ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್ಲಿಗೆ ಬರೋ ಉದ್ದ ಶಾಫ್ಟು) 4.1 ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. 41ನ್ನ 11ರಿಂದ ಭಾಗಿಸಿದ್ರೆ 3.73. ನಂಬರ್ ಜಾಸ್ತಿ ಇದ್ರೆ ಎಳೆಯೋ ಶಕ್ತಿ ಜಾಸ್ತಿ, ಕಮ್ಮಿ ಇದ್ರೆ ಹೈವೇಲಿ ಇಂಜಿನ್ ಆರಾಮಾಗಿ ಓಡುತ್ತೆ. ಯುದ್ಧದ ಕಾಲದ ವಿಲ್ಲಿಸ್ ಜೀಪಲ್ಲಿ 4.88 ಇತ್ತು, ಆಮೇಲೆ ಹೊಲದ ಕೆಲಸಕ್ಕೂ ಆಗ್ಲಿ ಅಂತ ಬಂದ ಸಿಜೆ-2ಎ ಜೀಪಿಗೆ 5.38 ಕೊಟ್ರು, ಅಂದ್ರೆ 43ಕ್ಕೆ 8. ಕಬ್ಬು, ತೆಂಗಿನಕಾಯಿ ಹೊರೋ ನಮ್ಮ ಕಡೆ ಗಾಡಿಗಳಿಗೆ ಈ ನಂಬರ್ ಎಷ್ಟು ಮುಖ್ಯ ಅಂತ ಇದ್ರಲ್ಲೇ ಗೊತ್ತಾಗುತ್ತೆ.

ಮೊದ್ಲು ಏನೂ ಬಿಚ್ಚದೇ ನೋಡಿ. ಹಿಂದಿನ ಆಕ್ಸಲ್ ಮಧ್ಯದಲ್ಲಿ ಗುಂಡಗಿರೋ ಹೌಸಿಂಗ್ ಮೇಲಿನ ಮಣ್ಣು, ಗ್ರೀಸು ಎಲ್ಲಾ ಡೀಸೆಲ್ ಬಟ್ಟೇಲಿ ಒರೆಸಿ. ಕೆಲವು ಗಾಡೀಲಿ ಕವರ್ ಬೋಲ್ಟಿಗೆ ಸಣ್ಣ ತಗಡಿನ ಬಿಲ್ಲೆ ಸಿಕ್ಕಿಸಿರ್ತಾರೆ, ಕೆಲವದ್ರಲ್ಲಿ ಹೌಸಿಂಗ್ ಮೇಲೇನೇ ನಂಬರ್ ಹೊಡೆದಿರುತ್ತೆ. ಸಿಕ್ರೆ ಒಳ್ಳೇದು, ಆದ್ರೆ ಇಪ್ಪತ್ತು ವರ್ಷ ಓಡಿರೋ ಗಾಡೀಲಿ ಒಳಗಿನ ಸೆಟ್ ಯಾರು ಯಾವಾಗ ಬದಲಾಯ್ಸಿದಾರೋ ಹೇಳೋಕಾಗಲ್ಲ, ಬಿಲ್ಲೆ ಮಾತ್ರ ಹಳೇದೇ ಇರುತ್ತೆ. ಅದಕ್ಕೇ ಬಿಲ್ಲೆ ಸಿಕ್ರೂ ಒಂದ್ಸಲ ಸುತ್ತಿಸಿ ಎಣಿಸಿ.

ಸುತ್ತಿಸಿ ಎಣಿಸೋದಕ್ಕೆ ಬೇಕಾಗಿರೋದು ಜಾಕಿ, ಒಂದು ಚಾಕ್‌ಪೀಸು, ಜೊತೆಗೆ ಒಬ್ರು. ಗಾಡೀನ ಸಮ ಜಾಗದಲ್ಲಿ ನಿಲ್ಸಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಇದನ್ನ ಮರೀಲೇಬೇಡಿ, ಯಾಕಂದ್ರೆ ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕೂ ಬಿಡಬೇಕು, ಇಲ್ಲಾಂದ್ರೆ ಹಿಂದಿನ ಚಕ್ರ ತಿರುಗಲ್ಲ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಲ್ಲಾ ಗಟ್ಟಿ ಮರದ ದಿಮ್ಮಿ ಕೊಡಿ. ಇಟ್ಟಿಗೆ, ಹಾಲೋ ಬ್ಲಾಕ್ ಇಡ್ಬೇಡಿ, ಅದು ಪುಡಿಯಾಗಿ ಗಾಡಿ ಕೂತ್ಬಿಡುತ್ತೆ. ಬರೀ ಜಾಕಿ ನಂಬ್ಕೊಂಡು ಕೆಳಗೆ ತಲೆ ಹಾಕೋದಂತೂ ಬೇಡವೇ ಬೇಡ.

ಈಗ ಟೈರಿನ ಮೇಲೆ ಕೆಳಗಡೆ ನೇರಕ್ಕೆ ಒಂದು ಗೀಟು, ಪ್ರೊಪೆಲ್ಲರ್ ಶಾಫ್ಟ್ ಮೇಲೂ ಒಂದು ಗೀಟು. ಒಬ್ರು ಟೈರ್ ನಿಧಾನಕ್ಕೆ ತಿರುಗಿಸ್ತಾ ಸುತ್ತು ಎಣಿಸ್ಲಿ, ಇನ್ನೊಬ್ರು ಪಕ್ಕದಿಂದ ಬಗ್ಗಿ ಶಾಫ್ಟಿನ ಸುತ್ತು ಎಣಿಸ್ಲಿ. ಟೈರ್ 20 ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿದೆಯೋ ಅದನ್ನ 10ರಿಂದ ಭಾಗಿಸಿ. 41 ಸುತ್ತಿದ್ರೆ 4.1, 37ರ ಮೇಲೆ ಕಾಲು ಸುತ್ತಿಗೆ ಹತ್ರ ಬಂದ್ರೆ 3.73, 45 ಚಿಲ್ಲರೆ ಬಂದ್ರೆ 4.56.

20 ಸುತ್ತು ತಿರುಗಿಸಿ 10ರಿಂದ ಯಾಕೆ ಭಾಗಿಸ್ಬೇಕು ಅಂತ ಎಲ್ರೂ ಕೇಳ್ತಾರೆ, ಇಲ್ಲೇ ಎಲ್ರೂ ಎಡವೋದು. ನೆಲದ ಮೇಲಿರೋ ಚಕ್ರ ಅಲ್ಲಾಡಲ್ಲ, ಹಂಗಾಗಿ ಡಿಫರೆನ್ಷಿಯಲ್ (ಕ್ರೌನಿನ ಸುತ್ತನ್ನ ಎರಡೂ ಚಕ್ರಕ್ಕೆ ಹಂಚೋ ಗೇರುಗಳು) ಎಲ್ಲಾ ಸುತ್ತನ್ನೂ ಎತ್ತಿರೋ ಚಕ್ರಕ್ಕೇ ಕೊಡುತ್ತೆ, ಕ್ರೌನ್ ಒಂದು ಸುತ್ತಿಗೆ ಆ ಚಕ್ರ ಎರಡು ಸುತ್ತು. ಇದು ಗೊತ್ತಿಲ್ದೆ 10 ಸುತ್ತಿಗೆ ಲೆಕ್ಕ ಹಾಕಿ ರೇಷಿಯೋ 2.05 ಅಂತ ತಲೆ ಕೆಡಿಸ್ಕೊಂಡವರನ್ನ ನೋಡಿದೀನಿ, ಅದನ್ನ ಡಬಲ್ ಮಾಡಿದ್ರೆ ಸರಿಯಾಗುತ್ತೆ. ಒಂದೋ ಎರಡೋ ಸುತ್ತು ತಿರುಗಿಸಿ ನಿಲ್ಲಿಸ್ಬೇಡಿ, ಹಲ್ಲಿನ ಸಂದಿ ಸಡಿಲ ಇರೋದ್ರಿಂದ ಕಾಲು ಸುತ್ತು ಹೆಚ್ಚು ಕಮ್ಮಿ ಆಗುತ್ತೆ. ಒಂಟಿ ಚಕ್ರ ತಿರುಗ್ತಾನೇ ಇಲ್ಲ ಅಂದ್ರೆ ಒಳಗೆ ಲಾಕ್ ಆಗೋ ಥರದ ಡಿಫರೆನ್ಷಿಯಲ್ ಇರಬಹುದು, ಆಗ ಎರಡೂ ಚಕ್ರ ಎತ್ತಿ, ಬರೀ 10 ಸುತ್ತು ಸಾಕು.

ಗಾಡೀಲಿ ಆರ್‌ಪಿಎಂ ಮೀಟರ್ ಇದ್ರೆ ಓಡಿಸ್ಕೊಂಡೂ ಅಂದಾಜು ಸಿಗುತ್ತೆ. ಲೋಡ್ ಇರೋವಾಗ್ಲೇ ಟೈರಿಗೆ ಗೀಟು ಹಾಕಿ ಒಂದು ಸುತ್ತು ಗಾಡಿ ತಳ್ಳಿ ಟೇಪಲ್ಲಿ ಅಳೀರಿ, 2.15 ಮೀಟರ್ ಬಂತು ಅನ್ಕೊಳಿ. ಗಂಟೆಗೆ 60 ಅಂದ್ರೆ ನಿಮಿಷಕ್ಕೆ 1000 ಮೀಟರ್, ಚಕ್ರ 465 ಸುತ್ತು. ಫೋರ್ತ್ ಗೇರಲ್ಲಿ ಆ ಸ್ಪೀಡಿಗೆ ಇಂಜಿನ್ 1900ರ ಆಸುಪಾಸು ಇದ್ರೆ, ಅದನ್ನ 465ರಿಂದ ಭಾಗಿಸಿ, 4.1. ಆದ್ರೆ ನಿಮ್ಮ ಗಾಡಿಯ ಫೋರ್ತ್ ಗೇರ್ ಡೈರೆಕ್ಟ್ ಆಗಿರ್ಬೇಕು, ಅಂದ್ರೆ ಇಂಜಿನ್ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟೂ ಒಂದೇ ಸುತ್ತು. ಸ್ಪೀಡ್ ಮಾತ್ರ ಮೊಬೈಲ್ ಜಿಪಿಎಸ್ಸಲ್ಲಿ ನೋಡಿ, ಯಾಕಂದ್ರೆ ಸ್ಪೀಡೋಮೀಟರ್ ಕೇಬಲ್ ಸಾಮಾನ್ಯವಾಗಿ ಗೇರ್‌ಬಾಕ್ಸಿಂದ ಬರುತ್ತೆ, ಸೆಟ್ ಬದಲಾಗಿದ್ರೆ ಅದೂ ಸುಳ್ಳು ತೋರಿಸುತ್ತೆ. ನಮ್ಗೆ 3.73 ಹಾಕಿದ್ದಾಗ ಮೀಟರಲ್ಲಿ 50 ಅಂದ್ರೆ ನಿಜವಾಗ್ಲೂ 55 ಓಡ್ತಿತ್ತು.

ಸ್ಪೇರ್ ತರೋಕೆ ಹೊರಟಿದೀರಾ ಅಂದ್ರೆ ಮಾತ್ರ ಚಾಕ್ ಲೆಕ್ಕ ಸಾಲಲ್ಲ. 41ಕ್ಕೆ 10 ಅಂದ್ರೆ 4.10, 37ಕ್ಕೆ 9 ಅಂದ್ರೆ 4.11, ಗೀಟಿಂದ ಈ ಎರಡಕ್ಕೆ ವ್ಯತ್ಯಾಸ ಕಾಣಲ್ಲ, ಹಲ್ಲು ಮಾತ್ರ ಒಂದಕ್ಕೊಂದು ಕೂರಲ್ಲ. ಆಗ ಹೌಸಿಂಗ್ ಬಿಚ್ಚಲೇಬೇಕು. ಕೆಳಗೆ ಟ್ರೇ ಇಟ್ಟು ಆಯಿಲ್ ಇಳಿಸಿ, ಕ್ರೌನ್ ಅಂಚು ಒರೆಸಿದ್ರೆ 10-41 ಅನ್ನೋ ಥರ ಸಣ್ಣ ಅಂಕಿ ಸಿಗುತ್ತೆ, ಪಕ್ಕದಲ್ಲೇ ಇನ್ನೊಂದು ಜೋಡಿ ನಂಬರೂ ಇರ್ಬಹುದು. ಆ ಜೋಡಿ ನಂಬರ್ ಪಿನಿಯನ್ ಮೇಲೂ ಅದೇ ಇರ್ಬೇಕು, ಎರಡನ್ನೂ ಒಟ್ಟಿಗೇ ಉಜ್ಜಿ ಕೂರಿಸಿರ್ತಾರೆ, ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದ್ರೆ ಮತ್ತೆ ಊಳಿಡೋದು ಗ್ಯಾರಂಟಿ. ಅಂಕಿ ಅಳಿಸೋಗಿದ್ರೆ ಒಂದು ಹಲ್ಲಿಗೆ ಮಾರ್ಕರಲ್ಲಿ ಗುರುತು ಹಾಕಿ ಎರಡು ಸಲ ಎಣಿಸಿ. 40ಕ್ಕೆ 10 ಥರ ಸರಿಯಾಗಿ ಭಾಗ ಹೋಗೋ ಲೆಕ್ಕ ಬಂದ್ರೆ ಮೂರನೇ ಸಲನೂ ಎಣಿಸಿ, ಅದೇ ಹಲ್ಲಿಗೆ ಅದೇ ಹಲ್ಲು ಪದೇ ಪದೇ ಸಿಕ್ಕಿ ಸವೀಬಾರದು ಅಂತ ಕಂಪನಿಯವ್ರು ಸಾಮಾನ್ಯವಾಗಿ ಹಂಗೆ ಭಾಗ ಹೋಗದ ಸಂಖ್ಯೆನೇ ಇಡ್ತಾರೆ.

ಫೋರ್ ವೀಲ್ ಡ್ರೈವ್ ಗಾಡಿ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗೋದು) ಆದ್ರೆ ಮುಂದಿನ ಆಕ್ಸಲ್ಲೂ ಇದೇ ಥರ ಎಣಿಸಿ, ಹಿಂದೆ ಮುಂದೆ ಎರಡೂ ಒಂದೇ ಇರ್ಬೇಕು, ಇಲ್ಲಾಂದ್ರೆ ಫೋರ್ ವೀಲ್ ಹಾಕಿದ ತಕ್ಷಣ ಒಂದಕ್ಕೊಂದು ಎಳೆದಾಡಿ ಗೇರ್‌ಬಾಕ್ಸ್ ಹಾಳಾಗುತ್ತೆ.

ಎಣಿಸಿದ ಅಂಕಿನ ಎಲ್ಲಾದ್ರೂ ಅಳಿಸದಂಗೆ ಬರೆದಿಡಿ. ನಮ್ಮ ಗಾಡೀಲಿ ಡ್ರೈವರ್ ಡೋರ್ ತೆಗೆದ್ರೆ ಒಳ ಅಂಚಲ್ಲಿ ಬಿಳೀ ಪೈಂಟಲ್ಲಿ 41, ಅದರ ಕೆಳಗೆ 10 ಅಂತ ಬರೆಸಿದೀನಿ.