ಸ್ನಾಯು ಹರಿದಿದೆಯೋ, ಟೆಂಡನ್ ನೊಂದಿದೆಯೋ? ಗುರುತಿಸಿ ಸರಿಪಡಿಸಿಕೊಳ್ಳುವುದು ಹೀಗೆ

ನೋವು ಬಂದ ಕೂಡಲೇ ಕಾಲು ಚಾಚಿ ಮಲಗಿಬಿಡುವವರೇ ಜಾಸ್ತಿ. ಒಂದೆರಡು ದಿನಕ್ಕೆ ಅದು ಸರಿ, ವಾರಗಟ್ಟಲೆ ಬೇಡ. ಅದರಲ್ಲೂ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿದ ಹಗ್ಗ, ಬರೀ ವಿಶ್ರಾಂತಿಯಿಂದ ಗಟ್ಟಿಯಾಗುವುದಿಲ್ಲ.

ಹಂತ 1: ನೋವು ಶುರುವಾದ ಬಗೆ ನೋಡಿ

ಓಡುವಾಗ ತೊಡೆಯ ಹಿಂಭಾಗ ಛಳಕ್ ಅಂತ ಹಿಡಿದುಕೊಂಡರೆ ಅದು ಹೆಚ್ಚಾಗಿ ಸ್ನಾಯುವಿನ ಪೆಟ್ಟು. ಕೆಲವೇ ಎಳೆಗಳು ಹರಿದಿದ್ದರೆ ನೋವಿದ್ದರೂ ಬಲ ಇರುತ್ತದೆ, 2–3 ವಾರದಲ್ಲಿ ಸರಿಹೋಗುತ್ತದೆ. ಬಲ ಕುಗ್ಗಿ, ಊದಿ, ಚರ್ಮ ನೀಲಿಗಟ್ಟಿದ್ದರೆ ಒಂದೆರಡು ತಿಂಗಳು ಹಿಡಿಯಬಹುದು. ನೀಲಿ ಗುರುತು ಒಂದೆರಡು ದಿನದ ನಂತರ, ಪೆಟ್ಟಾದ ಜಾಗಕ್ಕಿಂತ ಕೆಳಗೆ ಕಾಣಿಸುವುದುಂಟು. ರಕ್ತ ಕೆಳಗಿಳಿದದ್ದು ಅಷ್ಟೇ, ಗಾಬರಿ ಬೇಡ. ಆದರೆ ಬೆರಳಾಡಿಸಿದಾಗ ಸ್ನಾಯುವಿನಲ್ಲಿ ಹಳ್ಳ ಸಿಕ್ಕಿದರೆ ಅದು ಪೂರ್ತಿ ಹರಿದಿರಬಹುದು.

ಟೆಂಡನ್ ನೋವು ಮೆಲ್ಲಗೆ ಬರುತ್ತದೆ. ಬೆಳಿಗ್ಗೆ ಎದ್ದಾಗ ಬಿಗಿತ, ನಾಲ್ಕು ಹೆಜ್ಜೆ ನಡೆದರೆ ಸಡಿಲ, ಕೆಲಸವೆಲ್ಲ ಮುಗಿದ ಮೇಲೆ ಮತ್ತೆ ನೋವು.

ಹಂತ 2: ತಡ ಮಾಡಬಾರದ ಲಕ್ಷಣ ತಿಳಿದಿರಿ

ಕಾಲಿನ ಹಿಂಭಾಗಕ್ಕೆ ಯಾರೋ ಒದ್ದ ಹಾಗಾಗುತ್ತದೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಹಿಮ್ಮಡಿಯ ಅಕಿಲಿಸ್ ಟೆಂಡನ್ ಹರಿದವರು ಹೇಳುವುದು ಹೀಗೆ. ಮಂಚದ ಮೇಲೆ ಬೋರಲಾಗಿ ಮಲಗಿ, ಪಾದ ಅಂಚಿನಾಚೆ ಬಿಡಿ. ಇನ್ನೊಬ್ಬರು ಮೀನಖಂಡವನ್ನು ಹಿಂಡಲಿ. ಟೆಂಡನ್ ಸರಿಯಿದ್ದರೆ ಪಾದ ತಾನಾಗಿ ಅಲುಗಿ ಬೆರಳ ತುದಿ ಚಾಚಿಕೊಳ್ಳುತ್ತದೆ. ಹರಿದಿದ್ದರೆ ಅಲುಗುವುದೇ ಇಲ್ಲ. 'ನಡೆಯೋಕೆ ಆಗ್ತಿದೆ ಅಲ್ವಾ' ಎಂದು ಸುಮ್ಮನಿರಬೇಡಿ. ಟೆಂಡನ್ ಹರಿದರೂ ಬೇರೆ ಸ್ನಾಯುಗಳು ಪಾದವನ್ನು ಆಡಿಸುತ್ತವೆ. ಈ ಪೆಟ್ಟು ಎಷ್ಟೋ ಸಲ ತಡವಾಗಿ ಗೊತ್ತಾಗುವುದು ಇದರಿಂದಲೇ.

ಪೆಟ್ಟೇ ಬೀಳದೆ ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಟೆಂಡನ್ ಹರಿದದ್ದು ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು.

ಹಂತ 3: ಮೊದಲ 2–3 ದಿನ ಕಾಪಾಡಿ

ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿ. ಬೆರಳು ಜೋಮು ಹಿಡಿದರೆ ಸಡಿಲಿಸಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ. ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ, ಆದರೆ ಅದರಿಂದ ಪೆಟ್ಟು ಬೇಗ ಮಾಯುವುದಿಲ್ಲ. ಬಿಸಿ ಶಾಖ, ಎಣ್ಣೆ ಹಚ್ಚಿ ತೀಡುವುದು, ಮದ್ಯ ಈ ದಿನಗಳಲ್ಲಿ ಬೇಡವೇ ಬೇಡ, ಒಳಗಿನ ರಕ್ತಸ್ರಾವ ಹೆಚ್ಚಬಹುದು. ತೊಡೆಗೆ ಜೋರಾಗಿ ಪೆಟ್ಟುಬಿದ್ದ ಜಾಗವನ್ನು ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೆ ಮೂಳೆ ಬೆಳೆಯುವ ಅಪಾಯವೂ ಇದೆ.

ಹಂತ 4: ಮೆಲ್ಲಗೆ ಭಾರ ಕೊಡಿ

ಚಿಕಿತ್ಸೆಯ ತಿರುಳು ಇಲ್ಲಿದೆ. ಸ್ನಾಯುವಾದರೆ ನೋವು ಕೆರಳದಷ್ಟು ನಡಿಗೆ, ಆಮೇಲೆ ಬಲದ ವ್ಯಾಯಾಮ. ಹಿಮ್ಮಡಿಯ ಟೆಂಡನ್ ಹರಿಯದೆ ಬರೀ ನೋಯುತ್ತಿದ್ದರೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ಎರಡೂ ಕಾಲಿನ ಬಲದಿಂದ ಮೇಲೇಳಿ. ನೊಂದ ಕಾಲೊಂದರ ಮೇಲೆ ನಿಧಾನವಾಗಿ ಹಿಮ್ಮಡಿ ಇಳಿಸಿ. ಸ್ವೀಡನ್ನಿನ ವೈದ್ಯ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಕ್ರಮದಲ್ಲಿ ಇದನ್ನು 15ರಂತೆ 3 ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ ಮಾಡಿಸುತ್ತಾರೆ. ಮಂಡಿ ನೇರವಿಟ್ಟು ಒಮ್ಮೆ, ಬಾಗಿಸಿ ಒಮ್ಮೆ. ನೋವು ಟೆಂಡನ್ ಮೂಳೆಗೆ ಸೇರುವ ಜಾಗದಲ್ಲೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಡಿ.

ಸ್ವಲ್ಪ ನೋವಿರಲಿ, ಪರವಾಗಿಲ್ಲ. ಹತ್ತಕ್ಕೆ ಮೂರ್ನಾಲ್ಕರಷ್ಟು ಸಾಕು. ಮರುದಿನ ಬೆಳಿಗ್ಗೆ ಬಿಗಿತ ಹೆಚ್ಚಿದ್ದರೆ ಭಾರ ಜಾಸ್ತಿಯಾಗಿದೆ ಅಂತ ಅರ್ಥ. ಇಳಿಸಿ, ಆದರೆ ನಿಲ್ಲಿಸಬೇಡಿ. ಟೆಂಡನ್ನಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ತಿಂಗಳುಗಳೇ ಬೇಕು. ಬೇಗ ಗುಣವಾಗಲಿ ಎಂದು ಅಕಿಲಿಸ್‌ಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೇಳಬೇಡಿ, ಅದರಿಂದ ಟೆಂಡನ್ ಹರಿಯುವ ಅಪಾಯವಿದೆ. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯಾಟಿಕ್‌ಗಳಿಂದಲೂ ಇದೇ ಭಯ. ಅದನ್ನು ನುಂಗುತ್ತಿದ್ದಾಗ ಹಿಮ್ಮಡಿ ನೋಯತೊಡಗಿದರೆ ವ್ಯಾಯಾಮ ನಿಲ್ಲಿಸಿ, ವೈದ್ಯರಿಗೆ ಹೇಳಿ.

ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು ಎರಡೂ ಕಡೆ ಹೆಚ್ಚುಕಮ್ಮಿ ಸಮವಾದ ಮೇಲೆ ಓಟ ಶುರುಮಾಡಿ. ಮೊದಲು ಸಮತಟ್ಟು ನೆಲದಲ್ಲಿ ನಿಧಾನವಾಗಿ, ದಿನ ಬಿಟ್ಟು ದಿನ.