ಫೋನ್ ಕಳೆದರೂ ಗಿಟ್‌ಹಬ್ ಖಾತೆ ಕೈತಪ್ಪಬಾರದು ಅಂದರೆ

ನಮ್ಮ ಪ್ರಾಜೆಕ್ಟ್‌ಗೆ ಹೊಸಬರು ಬಂದರೆ ಅವರ ಗಿಟ್‌ಹಬ್ (ಕೋಡ್ ಇಟ್ಟು ಹಂಚಿಕೊಳ್ಳುವ ತಾಣ) ಸೆಟ್ಟಿಂಗ್ಸ್ ಸರಿಮಾಡಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಬಹಳಷ್ಟು ಜನ ನೇರವಾಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಫೋನ್ ತೆಗೆಯುತ್ತಾರೆ. ಸ್ವಲ್ಪ ತಡೀರಿ ಅನ್ನುತ್ತೇನೆ. ಟು-ಫ್ಯಾಕ್ಟರ್, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ, ಆನ್ ಮಾಡೋದು ಐದು ನಿಮಿಷದ ಕೆಲಸ. ಫೋನ್ ಕೈಯಲ್ಲಿ ಇಲ್ಲದ ದಿನ ಒಳಗೆ ಹೋಗೋದು ಹೇಗೆ ಅನ್ನೋದನ್ನು ಮೊದಲೇ ಯೋಚಿಸಿಟ್ಟಿರಬೇಕು.

ಹಾಗಾಗಿ ಮೊದಲು ಸೆಟ್ಟಿಂಗ್ಸ್‌ನಲ್ಲಿ 'ಇಮೇಲ್ಸ್' ತೆರೆಯಿರಿ. ಅಲ್ಲಿ ಆಫೀಸಿನ ವಿಳಾಸ ಒಂದೇ ಇದ್ದರೆ ಇವತ್ತೇ ನಿಮ್ಮ ಸ್ವಂತದ್ದೂ ಒಂದು ಸೇರಿಸಿ, ವೆರಿಫೈ ಮಾಡಿ. ಕೆಲಸ ಬಿಟ್ಟ ದಿನ ಆಫೀಸಿನ ಮೇಲ್ ಮುಚ್ಚಿಹೋಗುತ್ತದೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಅಲ್ಲಿಗೇ ಹೋಗಿ ಬೀಳುತ್ತದೆ. ಅದೇ ಪುಟದಲ್ಲಿ ಇಮೇಲ್ ಗುಟ್ಟಾಗಿಡುವ ಆಯ್ಕೆ ಇದೆ, ಟಿಕ್ ಮಾಡಿ. ಜೊತೆಗೆ ಅಲ್ಲಿ ಕಾಣುವ 'ನೋರಿಪ್ಲೈ' ವಿಳಾಸವನ್ನು ನಿಮ್ಮ ಕಂಪ್ಯೂಟರ್‌ನ ಗಿಟ್ ಕಾನ್ಫಿಗ್‌ಗೂ (ಕೋಡ್ ಬದಲಾವಣೆ ದಾಖಲಿಸುವ 'ಗಿಟ್' ತಂತ್ರಾಂಶದ ಸೆಟ್ಟಿಂಗ್ಸ್) ಹಾಕಿ. ಇಲ್ಲದಿದ್ದರೆ ಕಮಿಟ್‌ನಲ್ಲಿ, ಅಂದರೆ ದಾಖಲಾದ ಪ್ರತಿ ಬದಲಾವಣೆಯಲ್ಲಿ, ನಿಮ್ಮ ನಿಜವಾದ ವಿಳಾಸವೇ ಹೋಗುತ್ತಿರುತ್ತದೆ. ಹಳೆಯ ಕಮಿಟ್‌ಗಳಲ್ಲಿ ಇರೋದು ಮಾತ್ರ ಹಾಗೇ ಉಳಿಯುತ್ತದೆ.

ಈಗ 'ಪಾಸ್‌ವರ್ಡ್ ಅಂಡ್ ಅಥೆಂಟಿಕೇಶನ್'ಗೆ ಹೋಗಿ ಟು-ಫ್ಯಾಕ್ಟರ್ ಆನ್ ಮಾಡಿ. ಕೋಡ್ ಸೇರಿಸುವವರಿಗೆ ಇದನ್ನು ಕಡ್ಡಾಯ ಮಾಡುವ ಕೆಲಸವನ್ನು ಗಿಟ್‌ಹಬ್ 2023ರ ಮಾರ್ಚ್‌ನಲ್ಲಿ ಶುರು ಮಾಡಿತು, ಹಾಗಾಗಿ ಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಇಳಿಯೋದಿಲ್ಲ. ಅಥೆಂಟಿಕೇಟರ್ ಆ್ಯಪ್‌ನಲ್ಲಿ (ಲಾಗಿನ್ ಕೋಡ್ ತೋರಿಸುವ ಫೋನ್ ಆ್ಯಪ್) ಕ್ಯೂಆರ್ ಸ್ಕ್ಯಾನ್ ಮಾಡಿ, ಅದು ತೋರಿಸುವ 6 ಅಂಕಿ ಟೈಪ್ ಮಾಡಿದರೆ ಆಯಿತು.

ಆ ಕ್ಯೂಆರ್ ಒಳಗಿರುವುದು ಒಂದು ರಹಸ್ಯ ಕೀ. ನಿಮ್ಮ ಫೋನ್ ಮತ್ತು ಗಿಟ್‌ಹಬ್ ಎರಡೂ ಆ ಕೀ ಮತ್ತು ಗಡಿಯಾರದ ಸಮಯ ಸೇರಿಸಿ 30 ಸೆಕೆಂಡಿಗೊಮ್ಮೆ ಒಂದೇ ಸಂಖ್ಯೆ ಲೆಕ್ಕ ಹಾಕುತ್ತವೆ. ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್ ಕೋಡ್ ಕೊಡೋದು ಇದಕ್ಕೇ. "ಸರಿಯಾಗಿಯೇ ಹಾಕ್ತಿದೀನಿ, ತಪ್ಪು ಅಂತಿದೆ" ಅಂತ ಯಾರಾದರೂ ಕೇಳಿದರೆ ನಾನು ಮೊದಲು ನೋಡೋದು ಫೋನಿನ ಗಡಿಯಾರ. ಸಮಯವನ್ನು ಆಟೊಮ್ಯಾಟಿಕ್‌ಗೆ ಇಡಿ. ಇನ್ನೊಂದು ಉಪಯೋಗವೂ ಇದೆ: ಅದೇ ಕ್ಯೂಆರ್ ಅನ್ನು ಅದೇ ಹೊತ್ತಿಗೆ ಎರಡನೇ ಫೋನ್ ಅಥವಾ ಟ್ಯಾಬ್‌ನಲ್ಲೂ ಸ್ಕ್ಯಾನ್ ಮಾಡಬಹುದು, ಎರಡರಲ್ಲೂ ಒಂದೇ ಕೋಡ್ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಡಬೇಡಿ ಅಷ್ಟೇ.

ಆಮೇಲೆ ರಿಕವರಿ ಕೋಡ್‌ಗಳು, ಫೋನ್ ಇಲ್ಲದಾಗ ಒಳಗೆ ಹೋಗಲು. 16 ಕೊಡುತ್ತಾರೆ, ಒಂದೊಂದನ್ನೂ ಒಮ್ಮೆ ಮಾತ್ರ ಬಳಸಬಹುದು. ಈ ಫೈಲ್ ಎಲ್ಲರ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ. ಅಲ್ಲಿ ಬೇಡ. ಪ್ರಿಂಟ್ ತೆಗೆದು ಮುಖ್ಯ ಕಾಗದಗಳ ಜೊತೆ ಇಡಿ, ಇಲ್ಲವೇ ಪಾಸ್‌ವರ್ಡ್ ಮ್ಯಾನೇಜರ್‌ಗೆ ಹಾಕಿ. ಆದರೆ ಆ ಮ್ಯಾನೇಜರ್ ಇರೋದು ಅದೇ ಫೋನಲ್ಲಿ ಮಾತ್ರ ಆದರೆ ಏನು ಬಂತು ಪ್ರಯೋಜನ? ಹೊಸ ಕೋಡ್‌ಗಳನ್ನು ಮಾಡಿಸಿದ ಕೂಡಲೇ ಹಳೆಯ ಪಟ್ಟಿ ರದ್ದಾಗುತ್ತದೆ, ಹಳೆ ಕಾಗದ ಹರಿದುಹಾಕಿ. ಫೋನೂ ಹೋಗಿ ಕೋಡೂ ಹೋದರೆ ಸಪೋರ್ಟ್‌ನವರು ಕೇಳಿದ ಕೂಡಲೇ ಬಾಗಿಲು ತೆಗೆಯುವುದಿಲ್ಲ. ನಿಮ್ಮ ಮೇಲ್‌ಗೆ ಬಂದ ಕೋಡ್ ಹಾಕಬೇಕು, ಮೊದಲು ಬಳಸಿದ ಕಂಪ್ಯೂಟರ್, ಎಸ್‌ಎಸ್‌ಎಚ್ ಕೀ (ನಿಮ್ಮ ಕಂಪ್ಯೂಟರ್‌ನಲ್ಲಿರುವ ಗುರುತಿನ ಕೀ ಫೈಲ್) ಅಥವಾ ಟೋಕನ್ (ಪಾಸ್‌ವರ್ಡ್ ಬದಲು ಬಳಸುವ ಉದ್ದದ ಕೋಡ್) ಯಾವುದಾದರೊಂದು ತೋರಿಸಬೇಕು. ಇಮೇಲ್ ಮೊದಲು ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಎಸ್‌ಎಂಎಸ್ ದಾರಿಯೂ ಇದೆ, ನಾನು ಶಿಫಾರಸು ಮಾಡೋದಿಲ್ಲ. ನಿಮ್ಮ ನಂಬರ್‌ಗೆ ಬೇರೆಯವರು ಸಿಮ್ ಮಾಡಿಸಿಕೊಂಡರೆ ಕೋಡ್ ಅವರಿಗೇ ಹೋಗುತ್ತದೆ. ಅದರ ಬದಲು ಪಾಸ್‌ಕೀ (ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ತೆರೆಯುವ ಡಿಜಿಟಲ್ ಕೀ) ಅಥವಾ ಯುಎಸ್‌ಬಿ ಸೆಕ್ಯುರಿಟಿ ಕೀ ಸೇರಿಸಿ. ನಕಲಿ ಲಾಗಿನ್ ಪುಟಕ್ಕೆ ನೀವು ಮೋಸಹೋಗಿ 6 ಅಂಕಿ ಟೈಪ್ ಮಾಡಿಬಿಡಬಹುದು. ಪಾಸ್‌ಕೀ ಹಾಗಲ್ಲ. ಅದು ಸೈಟಿನ ವಿಳಾಸಕ್ಕೇ ಅಂಟಿಕೊಂಡಿರುತ್ತದೆ, ಬೇರೆ ವಿಳಾಸದಲ್ಲಿ ಕೆಲಸವೇ ಮಾಡುವುದಿಲ್ಲ.

ಪುಶ್ ಮಾಡಿದಾಗಲೆಲ್ಲ, ಅಂದರೆ ಕಂಪ್ಯೂಟರ್‌ನಿಂದ ಗಿಟ್‌ಹಬ್‌ಗೆ ಕಮಿಟ್ ಕಳಿಸಿದಾಗಲೆಲ್ಲ, ಆ 6 ಅಂಕಿಯ ಕೋಡ್ ಕೇಳುತ್ತದಾ ಅಂತ ಕೇಳದವರೇ ಇಲ್ಲ. ಕೇಳುವುದಿಲ್ಲ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹಾಕಿ ಪುಶ್ ಮಾಡುವುದನ್ನು ಗಿಟ್‌ಹಬ್ 2021ರ ಆಗಸ್ಟ್ 13ರಂದೇ ನಿಲ್ಲಿಸಿದೆ. ಎಸ್‌ಎಸ್‌ಎಚ್ ಕೀ ಬಳಸಿ, ನನಗೆ ಅದೇ ಇಷ್ಟ. ಟೋಕನ್ ಬೇಕೇ ಬೇಕು ಅಂದರೆ 'ಫೈನ್-ಗ್ರೇನ್ಡ್' ಬಗೆಯದು ಮಾಡಿ, ಬೇಕಾದ ರೆಪೊಗೆ (ಪ್ರಾಜೆಕ್ಟ್‌ನ ಕೋಡ್ ಇರುವ ಜಾಗ) ಮಾತ್ರ ಅನುಮತಿ ಕೊಡಿ, ಮುಗಿಯುವ ದಿನಾಂಕ ಹಾಕಿ. ಟೋಕನ್ ತೆರೆಯ ಮೇಲೆ ಒಮ್ಮೆ ಮಾತ್ರ ಕಾಣುತ್ತದೆ.

'ಸೆಷನ್ಸ್' ಮತ್ತು 'ಅಪ್ಲಿಕೇಶನ್ಸ್' ಪುಟಗಳನ್ನೂ ಒಮ್ಮೆ ನೋಡಿ. ಗುರುತು ಸಿಗದ ಲಾಗಿನ್, ಯಾವತ್ತೋ ಅನುಮತಿ ಕೊಟ್ಟು ಮರೆತ ಆ್ಯಪ್ ಇದ್ದರೆ ತೆಗೆದುಹಾಕಿ.

ಕೊನೆಗೆ ಒಂದು ಪರೀಕ್ಷೆ ಮಾಡಿಸುತ್ತೇನೆ. ಈಗಿನ ಲಾಗಿನ್ ಮುಚ್ಚದೆ, ಪ್ರೈವೇಟ್ ವಿಂಡೋ ತೆರೆದು ಹೊಸದಾಗಿ ಒಳಗೆ ಬನ್ನಿ. ಒಮ್ಮೆ ಆ್ಯಪ್ ಕೋಡ್‌ನಿಂದ, ಇನ್ನೊಮ್ಮೆ ಒಂದು ರಿಕವರಿ ಕೋಡ್‌ನಿಂದ. ಬಳಸಿದ ಕೋಡಿನ ಮೇಲೆ ಗೆರೆ ಎಳೆಯಿರಿ. ಮುಂದೆ ಫೋನ್ ಬದಲಿಸುವಾಗಲೂ ಇದೇ ಪರೀಕ್ಷೆ ಹೊಸ ಫೋನಿನಿಂದ ಮಾಡಿ, ಆಮೇಲೆಯೇ ಹಳೆಯದನ್ನು ರೀಸೆಟ್ ಮಾಡಿ.