ಉಳುಕಿದ ಕಾಲು: ನೋವು ಹೋದ ಮೇಲೂ ಬಾಕಿ ಇರುವ ಕೆಲಸ

ಕಾಲು ಉಳುಕುವಾಗ ಸಾಮಾನ್ಯವಾಗಿ ಪಾದ ಒಳಕ್ಕೆ ಮಡಚಿಕೊಳ್ಳುತ್ತದೆ. ಆಗ ಕಣಕಾಲಿನ ಹೊರಗಂಟಿನ ಮುಂದಿರುವ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಹಿಗ್ಗುತ್ತದೆ, ಇಲ್ಲವೇ ಹರಿಯುತ್ತದೆ. ಮೂಳೆ ಮುರಿದಿದೆಯೋ ಇಲ್ಲವೋ ಎಂದು ಊತದ ಗಾತ್ರ ನೋಡಿ ಹೇಳಲಾಗದು. ಅದಕ್ಕೆ, ಎಕ್ಸ್‌ರೇ ಬೇಕೋ ಬೇಡವೋ ಎಂದು ತಿಳಿಯಲು ವೈದ್ಯರು ಬಳಸುವ ಒಟ್ಟಾವಾ ನಿಯಮವೇ ವಾಸಿ: ಒಳಗಂಟು, ಹೊರಗಂಟುಗಳ ಹಿಂದಿನ ಅಂಚನ್ನು ತುದಿಯಿಂದ 6 ಸೆಂ.ಮೀ. ಮೇಲಿನವರೆಗೆ ಒತ್ತಿ ನೋಡಿ. ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಉಬ್ಬು ಮತ್ತು ಒಳಬದಿಯ ಕಮಾನಿನ ಮೇಲಿನ ಮೂಳೆಯನ್ನೂ ಒತ್ತಿ. ಮೂಳೆಯ ಮೇಲೇ ನೋವಾದರೆ, ಅಥವಾ ಪೆಟ್ಟಾದ ಕೂಡಲೂ ಆಮೇಲೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿರುವವರು ಈ ಪರೀಕ್ಷೆಯನ್ನು ನಂಬಿ ಕೂರಬಾರದು.

ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ 15 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಶುರುಮಾಡಿ ಮೇಲೆ ಹೋದಂತೆ ಸಡಿಲವಾಗಿಸಿ. ಬೆರಳು ಜುಮ್ಮೆಂದರೆ ಬಿಚ್ಚಿ ಮತ್ತೆ ಸುತ್ತಿ. ಮಲಗಿದಾಗ ಪಾದ ಎದೆಗಿಂತ ಎತ್ತರದಲ್ಲಿರಲಿ. ಎಣ್ಣೆ ಹಚ್ಚಿ ನೀವುವುದು, ಬಿಸಿನೀರು, ಕಾಲೆಳೆದು ‘ಸರಿ ಮಾಡುವುದು’ ಈ ಹೊತ್ತಿನಲ್ಲಿ ಬೇಡ. ಒಳಗೆ ಒಸರುವ ರಕ್ತ ಇವುಗಳಿಂದ ಹೆಚ್ಚಾಗಿ ಊತವೂ ಏರುತ್ತದೆ.

ಮುರಿತ ಇಲ್ಲವೆಂದು ಗೊತ್ತಾದ ಮೇಲೆ ಹಾಸಿಗೆ ಹಿಡಿಯಬೇಡಿ. ತಡೆಯುವಷ್ಟು ಭಾರ ಹಾಕಿ ನಡೆಯಿರಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ. ನೋವು ಹತ್ತಕ್ಕೆ ಮೂರರೊಳಗಿದ್ದರೆ ಮುಂದುವರಿಸಬಹುದು. ಮರುದಿನ ಬೆಳಿಗ್ಗೆ ಊತ ಜಾಸ್ತಿಯಾಗಿದ್ದರೆ ನಿನ್ನೆ ಮಾಡಿದ್ದು ಅತಿಯಾಯಿತು, ಅರ್ಧಕ್ಕೆ ಇಳಿಸಿ.

ಕೀಲು ಎಷ್ಟು ಬಿಗಿದಿದೆ ಎಂದು ಗೋಡೆಯೇ ಹೇಳುತ್ತದೆ. ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ. ಹೆಬ್ಬೆರಳನ್ನು ಗೋಡೆಯಿಂದ ಎಷ್ಟು ಸೆಂ.ಮೀ. ಹಿಂದೆ ಇಡಬಹುದೆಂದು ಎರಡೂ ಕಾಲಲ್ಲಿ ಅಳೆಯಿರಿ. ಆ ಅಂತರ ಸಮವಾಗುವವರೆಗೆ ದಿನವೂ ಇದನ್ನೇ ಮಾಡಿ.

ಕಾಲಿಗೆ ಬಲ ಬರಲು ವ್ಯಾಯಾಮದ ರಬ್ಬರ್ ಬ್ಯಾಂಡ್ ಕಟ್ಟಿ ಪಾದವನ್ನು ಹೊರಕ್ಕೆ ತಿರುಗಿಸಿ, 15ರಂತೆ ಮೂರು ಸುತ್ತು. ಬಹಳ ಮಂದಿ ಇಲ್ಲಿ ಮೊಣಕಾಲನ್ನೇ ತಿರುಗಿಸುತ್ತಾರೆ. ಮೊಣಕಾಲು ಅಲುಗದಂತೆ ಕೈಯಲ್ಲಿ ಹಿಡಿದುಕೊಳ್ಳಿ. ಆಮೇಲೆ ಹಿಮ್ಮಡಿ ಎತ್ತುವುದು, ಮೊದಲು ಎರಡು ಕಾಲಲ್ಲಿ, ಬಳಿಕ ಒಂದರಲ್ಲಿ. ಮೇಲೆ ಹೋದಾಗ ಭಾರ ಕಿರುಬೆರಳಿನ ಕಡೆ ವಾಲಿದರೆ ಉಳುಕಿದ ಭಂಗಿಯನ್ನೇ ಮತ್ತೆ ಅಭ್ಯಾಸ ಮಾಡಿದಂತೆ. ಭಾರ ಹೆಬ್ಬೆರಳಿನ ಬುಡದ ಮೇಲಿರಲಿ.

ಜನ ಬಿಟ್ಟುಬಿಡುವುದು ಇದರ ನಂತರದ್ದನ್ನು. ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟಿನಲ್ಲೂ ಇರುತ್ತವೆ. ಪೆಟ್ಟಿಗೆ ಅವೂ ಹಾಳಾಗಿ, ಪಾದ ವಾಲಿದ ಸುದ್ದಿ ತಡವಾಗಿ ಮುಟ್ಟುತ್ತದೆ. ನೋವೇ ಇಲ್ಲದ ಕಾಲು ಮತ್ತೆ ಮತ್ತೆ ಉಳುಕಲು ಇದೊಂದು ಮುಖ್ಯ ಕಾರಣ. ಗೋಡೆಯ ಪಕ್ಕ ಬರಿಗಾಲಲ್ಲಿ, ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಸಲೀಸಾದ ಮೇಲೆ ಕಣ್ಣು ಮುಚ್ಚಿ, ಆಮೇಲೆ ದಿಂಬಿನ ಮೇಲೆ. ಒಂಟಿಕಾಲಲ್ಲಿ ನೋವಿಲ್ಲದೆ ಕುಪ್ಪಳಿಸಲು ಬಂದರೆ ನೇರ ಓಟ, ಅದು ಸರಿಹೋದರೆ 8ರ ಆಕಾರದ ಓಟ, ಕೊನೆಗೆ ಆಟ. ಆಟಕ್ಕೆ ಮರಳಿದ ಮೇಲೂ ಕೆಲವು ತಿಂಗಳು ಕಣಕಾಲಿಗೆ ಲೇಸಿನ ಬ್ರೇಸ್ (ಆಸರೆಯ ಕವಚ) ಹಾಕಿಕೊಂಡರೆ ಒಳ್ಳೆಯದು.

ಹಿಮ್ಮಡಿ ನೋವಿನ ಕತೆ ಬೇರೆ. ಎದ್ದ ಕೂಡಲೇ ಮೊದಲ ಹೆಜ್ಜೆಗೆ ಚುಚ್ಚಿ, ನಡೆದಂತೆ ಕಡಿಮೆಯಾದರೆ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿದ ಅಂಗಾಲಿನ ಪಟ್ಟಿಯ ತೊಂದರೆ ಇರಬಹುದು. ಹಾಸಿಗೆ ಬಿಡುವ ಮುನ್ನ ಬೆರಳುಗಳನ್ನು ಹಿಂದಕ್ಕೆ ಎಳೆದು 10 ಸೆಕೆಂಡ್ ಹಿಡಿಯಿರಿ, ಹತ್ತು ಸಲ. ದಿನ ಬಿಟ್ಟು ದಿನ, ಬೆರಳಡಿಗೆ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿ ಎತ್ತಿ: ಏರಲು 3 ಸೆಕೆಂಡ್, ಮೇಲೆ 2, ಇಳಿಯಲು 3.

ಹಿಮ್ಮಡಿಯ ಮೇಲ್ಭಾಗಕ್ಕೆ ಹಿಂದಿನಿಂದ ಯಾರೋ ಒದ್ದಂತಾಗಿ ‘ಟಪ್’ ಎಂದರೆ ವ್ಯಾಯಾಮದ ಮಾತೇ ಬೇಡ. ಬೋರಲಾಗಿ ಮಲಗಿಸಿ ಮೀನಖಂಡವನ್ನು ಹಿಂಡಿ ನೋಡಿ. ಪಾದ ಅಲುಗದಿದ್ದರೆ ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಸ್ನಾಯುರಜ್ಜು ಹರಿದಿರುವ ಸಂಭವ ಹೆಚ್ಚು. ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.